ಮುಚ್ಚಿದ ಅಂಗಡಿಯವರನ್ನು ಯಾರು ಕೇಳಿದರು?

ಪಾದಾಂಗ್
ಗುರುವಾರ, ೧೧ ಜುಲೈ ೨೦೧೯

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಬಸ್ರಿಜಾಲನ ಸಲಾಂ. ಮೊದಲು ನಿನ್ನ ಮಂಡಿ ಹೇಗಿದೆ ಹೇಳು. ಕಳೆದ ಸಲ ಫೋನಿನಲ್ಲಿ ಕೇಳಿದ್ದಕ್ಕೆ 'ಮಂಡಿ ಇದ್ದಲ್ಲೇ ಇದೆ ಕಣೋ, ಎಲ್ಲೂ ಹೋಗಿಲ್ಲ' ಅಂದೆ. ಅದೊಂದು ಉತ್ತರವೇ? ಸೆರೆಂಬಾನಿನ ಕ್ಯಾಂಟೀನಿನಲ್ಲಿ ಅನ್ನದ ಹಂಡೆಯನ್ನು ಈಗಲೂ ನೀನೇ ಎತ್ತಿ ಇಳಿಸುತ್ತೀ ಎಂದು ಅಲ್ಲಿಂದ ಬಂದವರೆಲ್ಲ ಹೇಳುತ್ತಾರೆ. ಎತ್ತಬೇಡ. ಯಾರನ್ನಾದರೂ ಕೂಗು. ಕೂಗಲು ನಿನಗೆ ಸಂಕೋಚ ಎಂದರೆ ನಮ್ಮ ಇಡೀ ಮನೆತನ ಬಿದ್ದು ಬಿದ್ದು ನಗುತ್ತದೆ, ಅಷ್ಟು ನೆನಪಿಟ್ಟುಕೋ. ಮಲಗುವ ಮುಂಚೆ ಶುಂಠಿ ಎಣ್ಣೆ ಹಚ್ಚಿ ನೀವಿಕೋ. ಇಲ್ಲಿ ನಾನು ಚೆನ್ನಾಗಿದ್ದೇನೆ. ಸಕ್ಕರೆ ಸ್ವಲ್ಪ ಜಾಸ್ತಿ ಎಂದು ಡಾಕ್ಟರು, ಮಾತು ಸ್ವಲ್ಪ ಜಾಸ್ತಿ ಎಂದು ನನ್ನ ಹೆಂಡತಿ ಮರ್ನಿಸ್. ಎರಡಕ್ಕೂ ಪಥ್ಯ ಹೇಳಿದ್ದಾರೆ, ಎರಡನ್ನೂ ನಾನು ಮಾಡುತ್ತಿಲ್ಲ.

ಫೋನಿರುವಾಗ ಇವನಿಗೇಕೆ ಕಾಗದದ ಚಪಲ ಎಂದುಕೊಳ್ಳುತ್ತೀ. ಫೋನಿನಲ್ಲಿ ನಾನು ಶುರುಮಾಡಿದ ವಾಕ್ಯವನ್ನು ಮುಗಿಸುವವಳು ನೀನು, ಅದಕ್ಕೇ. ಚಿಕ್ಕಂದಿನಿಂದಲೂ ಹಾಗೇ. ಕಾಗದದಲ್ಲಾದರೆ ಕೊನೆಯ ಸಾಲಿನ ತನಕ ನಿನ್ನ ಬಾಯಿ ಕಟ್ಟಿರುತ್ತದೆ. ಪಕ್ಕದ ಮನೆಯ ಜಮಾರಿಸನ ಮಗಳು ನಾಡಿದ್ದು ಮಲೇಶಿಯಾಕ್ಕೆ, ನಿನ್ನ ಸೆರೆಂಬಾನಿಗೇ ಹೊರಟಿದ್ದಾಳೆ. ಅವಳ ಕೈಯಲ್ಲಿ ಮರ್ನಿಸ್ ಮಾಡಿದ ರೆಂದಾಂಗ್ ಕಳಿಸುತ್ತಿದ್ದೇನೆ. ಮಾಂಸ ಚೆನ್ನಾಗಿ ಕಪ್ಪಗಾಗುವ ತನಕ ಬೇಯಿಸಿದ್ದಾಳೆ, ತಿಂಗಳಿಟ್ಟರೂ ಕೆಡುವುದಿಲ್ಲ. ಕಾಗದ ಅದರ ಕೆಳಗೆ ಇರುತ್ತದೆ. ಮೊದಲು ಕಾಗದ ಓದು. ರೆಂದಾಂಗ್ ಓಡಿಹೋಗುವುದಿಲ್ಲ.

ವಿಷಯಕ್ಕೆ ಬರುತ್ತೇನೆ. 'ಈ ಸೆಮಿಸ್ಟರ್ ಮುಗೀಲಿ, ಓದಿದ್ದು ಸಾಕು, ವಿರ್ದಾನ ಇಲ್ಲಿಗೆ ಕಳಿಸು' ಎಂದು ನೀನು ಹಬ್ಬದ ಹೊತ್ತಿನಲ್ಲಿ ಹೇಳಿದ್ದೆ. ಸೆಮಿಸ್ಟರ್ ಮುಗಿಯಿತು. ನಿನ್ನ ಮಗಳು ಪಾಸಾದಳು. ಹೇಗೋ ದಡ ಸೇರಿದ್ದಲ್ಲ ಅಕ್ಕಾ, ಎಲ್ಲರೂ ತಿರುಗಿ ನೋಡುವ ಹಾಗೆ ಪಾಸಾದಳು. ಈಗ ಅವಳ ಗೈಡ್ ಎಲ್ಮಿಯಾತಿ ಮೇಡಂ ಅವಳನ್ನು ಇಲ್ಲೇ ಮುಂದಿನ ಓದಿಗೆ ಸೇರಿಸಿಕೊಂಡು, ತಮ್ಮ ಸಂಶೋಧನೆಗೆ ಸಹಾಯಕಿಯಾಗಿ ಇಟ್ಟುಕೊಳ್ಳುತ್ತೇನೆ ಎನ್ನುತ್ತಿದ್ದಾರೆ. ತಿಂಗಳ ಕೊನೆಯೊಳಗೆ ಹೌದೋ ಅಲ್ಲವೋ ಹೇಳಬೇಕು. ನಮ್ಮಲ್ಲಿ ಅಕ್ಕನ ಮಕ್ಕಳ ಓದಿಗೂ ಮದುವೆಗೂ ಸೋದರಮಾವನೇ ಮುಂದೆ ನಿಲ್ಲಬೇಕು, ಸರಿ. ಆದರೆ ತಾಯಿ ತಲೆಯಾಡಿಸದೆ ಮಾವನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ ಎನ್ನುವುದೂ ನಮ್ಮಲ್ಲೇ ಇದೆ. ಆದ್ದರಿಂದ ಈ ಕಾಗದ. ಅವಳನ್ನು ಇಲ್ಲೇ ಬಿಡು ಎಂದು ಕೇಳಲು ಬರೆಯುತ್ತಿದ್ದೇನೆ. ಯಾಕೆ ಬಿಡಬೇಕು ಎನ್ನುವುದನ್ನು ಮೊದಲಿನಿಂದ ಹೇಳುತ್ತೇನೆ, ತಾಳ್ಮೆಯಿಂದ ಓದು.

ಅವಳು ಮಾಡಿದ್ದು ಒಂದು ವಿಚಿತ್ರ ಓದು. ಕ್ಲಾಸಿಲ್ಲ, ಪಾಠವಿಲ್ಲ, ಹಾಲಿನಲ್ಲಿ ಕೂತು ಬರೆಯುವ ಪರೀಕ್ಷೆಯೂ ಇಲ್ಲ. ಒಂದು ಪ್ರಶ್ನೆ ಹಿಡಿದುಕೊಳ್ಳಬೇಕು. ಆ ಪ್ರಶ್ನೆಯ ಬಗ್ಗೆ ಈವರೆಗೆ ಯಾರ್ಯಾರು ಎಲ್ಲೆಲ್ಲಿ ಸಂಶೋಧನೆ ಮಾಡಿ ಏನೇನು ಬರೆದಿದ್ದಾರೋ ಅದನ್ನೆಲ್ಲ ತಾನೇ ಹುಡುಕಿ, ತಾನೇ ಓದಿ, ಯಾರ ಮಾತು ಗಟ್ಟಿ, ಯಾರದು ಜೊಳ್ಳು ಎಂದು ತೂಗಿ, ಒಂದು ಪ್ರಬಂಧ ಬರೆಯಬೇಕು. ಸಾಹಿತ್ಯ ಸಮೀಕ್ಷೆ ಎಂದು ಅದರ ಹೆಸರು. ಗೈಡ್ ಇರುತ್ತಾರೆ, ಆದರೆ ಅವರೇನೂ ಹೇಳಿಕೊಡುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಎದುರಿಗೆ ಕೂರಿಸಿಕೊಂಡು, ಇದನ್ನು ಯಾಕೆ ಓದಿದೆ, ಅದನ್ನು ಯಾಕೆ ಬಿಟ್ಟೆ, ಇವರು ಹೇಳಿದ್ದನ್ನು ಯಾಕೆ ನಂಬಿದೆ ಎಂದು ಪೊಲೀಸರ ಹಾಗೆ ಕೇಳುತ್ತಾರೆ. 'ಓದೋಳೂ ನೀನು, ಬರೆಯೋಳೂ ನೀನು, ಅವರು ಬರೀ ಪ್ರಶ್ನೆ ಕೇಳೋದಾದ್ರೆ ಫೀಸು ಯಾಕಮ್ಮಾ ಕಟ್ಬೇಕು?' ಎಂದೆ. 'ಜಾರಿದಾಗ ಹಿಡಿಯೋಕೆ ಮಾಮ' ಎಂದಳು. ಅವಳ ಜೊತೆಯವರೆಲ್ಲ ಇದರ ಬದಲು ಬ್ಯಾಂಕುಗಳಲ್ಲಿ ತರಬೇತಿಗೆ ಸೇರಿ, ಟೈ ಕಟ್ಟಿಕೊಂಡು ಫೋಟೋ ತೆಗೆಸಿಕೊಂಡರು. ಇವಳೊಬ್ಬಳು ಈ ಒಂಟಿ ದಾರಿ ಹಿಡಿದಳು. ಹಟ ಯಾರದ್ದು ಎಂದು ನಾನು ಹೇಳಬೇಕಾಗಿಲ್ಲ.

ಅವಳು ಹಿಡಿದ ಪ್ರಶ್ನೆ ನಮ್ಮವರದ್ದೇ. ನಮ್ಮ ಊಟದಂಗಡಿಗಳಲ್ಲಿ ಅಡುಗೆಯವನಿಗೂ ಬಡಿಸುವವನಿಗೂ ಸಂಬಳ ಇಲ್ಲದೆ ಲಾಭದಲ್ಲಿ ಪಾಲು ಕೊಡುವ ಪದ್ಧತಿ ಇದೆಯಲ್ಲ, ಹಾಗೆ ಪಾಲು ಸಿಕ್ಕವರು ಸಂಬಳದವರಿಗಿಂತ ಹೆಚ್ಚು ಕಾಲ ಒಂದೇ ಅಂಗಡಿಯಲ್ಲಿ ನಿಲ್ಲುತ್ತಾರೆಯೇ ಎಂಬುದು. ಪೆಕನ್‌ಬಾರುವಿನಲ್ಲಿ ನನ್ನ ದೊಡ್ಡ ಅಂಗಡಿಯೂ ಪಾಲಿನ ಮೇಲೇ ನಡೆದು, ಪಾಲಿನವರು ಒಬ್ಬೊಬ್ಬರೇ ಎದ್ದುಹೋಗಿ, ಬಾಗಿಲು ಹಾಕಿದ್ದು ನಿನಗೆ ಗೊತ್ತು. ಅದಕ್ಕೇ ಈ ವಿಷಯ ತೆಗೆದುಕೊಂಡೆಯಾ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಈಗ ವಿಶ್ವವಿದ್ಯಾಲಯದ ಹಿಂದಿನ ನನ್ನ ಚಿಕ್ಕ ಅಂಗಡಿಯಲ್ಲಿ ಪಾಲೂ ಇಲ್ಲ, ಸಂಬಳವೂ ಇಲ್ಲ. ನಾನು, ಮರ್ನಿಸ್, ಅಷ್ಟೇ.

ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಅವಳು ತನ್ನ ಬಾಡಿಗೆ ಕೋಣೆಯಿಂದ ಕಾಗದದ ಕಟ್ಟು ಹೊತ್ತು ಅಂಗಡಿಗೆ ಬರುತ್ತಿದ್ದಳು. ಊಟದ ಮೇಜುಗಳನ್ನೆಲ್ಲ ಒರೆಸಿ, ಒಂದರ ಪಕ್ಕ ಒಂದು ಲೇಖನ ಹರಡುತ್ತಿದ್ದಳು. ಕೆಲವು ನಮ್ಮ ದೇಶದವರು ಬರೆದದ್ದು, ಕೆಲವು ಮಲೇಶಿಯಾದ್ದು, ಇಂಗ್ಲಿಷಿನವೂ ರಾಶಿ ಇದ್ದವು. ಡಿಕ್ಷನರಿ ತೊಡೆಯ ಮೇಲೆ. ಒಂದು ದೊಡ್ಡ ಹಾಳೆಯಲ್ಲಿ ಗೆರೆ ಹೊಡೆದು, ಯಾರು ಬರೆದದ್ದು, ಯಾವ ಊರಲ್ಲಿ, ಯಾರನ್ನು ಕೇಳಿದರು, ಏನು ಕಂಡರು ಎಂದು ತುಂಬಿಸುತ್ತಿದ್ದಳು. 'ಇಷ್ಟನ್ನೂ ಓದ್ತೀಯೇನೇ?' ಎಂದರೆ, 'ಮಾಮ, ನೀವು ಗಿರಾಕಿ ಮುಂದೆ ಎಲ್ಲಾ ಪ್ಲೇಟೂ ಇಡ್ತೀರಿ, ಅವ್ರು ತಿಂದಿದ್ದಕ್ಕೆ ಮಾತ್ರ ದುಡ್ಡು ಕೊಡ್ತಾರೆ. ಇಲ್ಲಿ ಹಾಗಲ್ಲ. ಮುಟ್ಟದೇ ಬಿಟ್ಟ ಪ್ಲೇಟಿಗೂ ಯಾಕೆ ಬಿಟ್ಟೆ ಅಂತ ಕಾರಣ ಕೊಡ್ಬೇಕು' ಎಂದಳು. ಅಂಥ ಗಿರಾಕಿಗಳು ನನಗೆ ಬಾರದಿರಲಿ ಎಂದು ದೇವರಲ್ಲಿ ಬೇಡಿಕೊಂಡೆ. ಒಂದು ಲೇಖನದ ಮೇಲೆ ಮೀನಿನ ಸಾರು ಚೆಲ್ಲಿತು. ಅವಳು ಕೂಗಾಡಿದಳು, ಮರ್ನಿಸ್ ಅದನ್ನು ಒಲೆಯ ಮುಂದೆ ಹಿಡಿದು ಒಣಗಿಸಿದಳು. ಇವತ್ತಿಗೂ ಆ ಪಂಡಿತರ ಹೆಸರು ಬಂದರೆ ನನಗೆ ಮೀನಿನ ವಾಸನೆ ಬರುತ್ತದೆ.

ಮೊದಲ ಕರಡು ಮುಗಿದ ದಿನ ಅವಳು ನಮಗಿಬ್ಬರಿಗೂ ಅದನ್ನು ಓದಿ ಹೇಳಿದಳು. ಅಕ್ಕಾ, ನಾನು ಅತ್ತುಬಿಟ್ಟೆ. ಸುಳ್ಳಲ್ಲ. ಮದುವೆ ಮಾತುಕತೆಗಳಲ್ಲಿ, ಎರಡು ಕಡೆಯವರೂ ಎದುರುಬದುರು ಕೂತು, ಬಡಿಸಿದ ಅನ್ನ ಆರುವ ತನಕ ನಯವಾಗಿ ಮಾತಾಡಿ ಮಾತಾಡಿ ಕೊನೆಗೆ ಎಲ್ಲರೂ ಒಂದೇ ಮಾತಿಗೆ ಬರುತ್ತೇವಲ್ಲ, ಈ ಸೀಮೆಯಲ್ಲಿ ಆ ಕೆಲಸಕ್ಕೆ ಜನ ನನ್ನನ್ನೇ ಕರೆಯುತ್ತಾರೆ. ನೀನು ಜಂಬ ಎನ್ನು, ಕರೆಯುವುದಂತೂ ನಿಜ. ವಿರ್ದಾ ಪುಟ್ಟವಳಿದ್ದಾಗ ಪರದೆಯ ಹಿಂದೆ ಕೂತು ಅದನ್ನೆಲ್ಲ ಕೇಳಿಸಿಕೊಂಡು ಬೆಳೆದವಳು. ಅವಳ ಕರಡು ಥೇಟ್ ಹಾಗೇ ಇತ್ತು. ಒಬ್ಬೊಬ್ಬ ಸಂಶೋಧಕರಿಗೂ ಮರ್ಯಾದೆ, ಒಬ್ಬೊಬ್ಬರ ಮಾತಿಗೂ ಹೌದು ಎನ್ನುವ ಗೌರವ. ಪಾಲು ಕೊಟ್ಟರೆ ಜನ ನಿಲ್ಲುತ್ತಾರೆ ಎಂದವರನ್ನೂ, ನಿಲ್ಲುವುದಿಲ್ಲ ಎಂದವರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ, ಕೊನೆಯ ಪುಟದಲ್ಲಿ ಎಲ್ಲರೂ ಒಪ್ಪಿದರು ಎಂದು ಮುಗಿಸಿದ್ದಳು. ಒಬ್ಬರ ಮನಸ್ಸೂ ನೋಯಲಿಲ್ಲ. ನನ್ನ ವಿದ್ಯೆ ನನ್ನ ಗಂಡುಮಕ್ಕಳಿಗೆ ಬರಲಿಲ್ಲ, ಅಕ್ಕನ ಮಗಳಿಗೆ ಬಂತು ಎಂದು ನನ್ನೆದೆ ಹಂಡೆಯಷ್ಟು ಉಬ್ಬಿತು. ಜಮಾರಿಸನನ್ನು ಕರೆದು ಕೊನೆಯ ಪುಟ ಎರಡನೇ ಸಲ ಓದಿಸಿದೆ. ಅವನು ಆಕಳಿಸಿದ. ಅಸೂಯೆ ಎಂದುಕೊಂಡೆ.

ಎಲ್ಮಿಯಾತಿ ಮೇಡಂ ಅದನ್ನು ವಾಪಸ್ಸು ಕಳಿಸಿದರು. ಮೊದಲ ಪುಟದ ಮೇಲೆ ಕೆಂಪು ಶಾಯಿಯಲ್ಲಿ 'ವಿರ್ದಾ, ಇದು ಸಮೀಕ್ಷೆಯೋ, ಬೀಗರ ಉಪಚಾರವೋ?' ಎಂದು ಬರೆದಿದ್ದರು. ಇನ್ನೊಂದೇ ಅವಕಾಶ, ಅದರಲ್ಲೂ ಸೋತರೆ ಈ ವಿಷಯದಲ್ಲಿ ಫೇಲು ಎಂದೂ ಇತ್ತು. ಹುಡುಗಿ ಅನ್ನ ಮುಟ್ಟಲಿಲ್ಲ. 'ಸೆರೆಂಬಾನಿಗೆ ಟಿಕೆಟ್ ಮಾಡ್ಸಿಬಿಡಿ ಮಾಮ, ಅಮ್ಮನ ಜೊತೆ ಪಾತ್ರೆ ತೊಳೀತೀನಿ' ಎಂದಳು. ನನಗೆ ಪಿತ್ತ ನೆತ್ತಿಗೇರಿತು. ಬೀಗರ ಉಪಚಾರವಂತೆ! ನಮ್ಮ ಹಿರಿಯರು ತಲೆಮಾರುಗಟ್ಟಲೆ ಕಾಪಾಡಿಕೊಂಡು ಬಂದ ಮಾತಿನ ಮರ್ಯಾದೆಯನ್ನು ಹೀಗೆ ಆಡಿಕೊಳ್ಳುವುದೇ? ಮರುದಿನ ಬೆಳಿಗ್ಗೆಯೇ ಕಪ್ಪು ಟೋಪಿ ಹಾಕಿ, ಇಸ್ತ್ರಿ ಮಾಡಿದ ಬಾತಿಕ್ ಅಂಗಿ ತೊಟ್ಟು, ವಿರ್ದಾಗೆ ತಿಳಿಸದೆ ಆಕೆಯ ಆಫೀಸಿಗೆ ನುಗ್ಗಿದೆ. ಸೋದರಮಾವ ಇನ್ನು ಇರುವುದಾದರೂ ಯಾತಕ್ಕೆ?

ಆಕೆ ಸಣ್ಣ ಹೆಂಗಸು. ನನ್ನ ಭುಜದಷ್ಟೂ ಎತ್ತರವಿಲ್ಲ. ಎದ್ದು ನಿಂತು, 'ಬನ್ನಿ ಯಜಮಾನ್ರೇ' ಎಂದು ಕೂರಿಸಿ ಚಹಾ ತರಿಸಿದರು. ನಾನು ಪೀಠಿಕೆ ಶುರುಮಾಡಿದೆ. ನನ್ನ ಪೀಠಿಕೆ ನಿನಗೆ ಗೊತ್ತಲ್ಲ, ಚಹಾ ಆರಿಹೋಯಿತು. ಆಕೆ ಕೊನೆಯ ತನಕ ಕೇಳಿಸಿಕೊಂಡರು. ಆಮೇಲೆ, 'ನಾನೂ ಈ ನಾಡಿನವಳೇ, ನಮ್ಮ ಮಾಮನೂ ನಿಮ್ಹಾಗೇ ಮಾತುಗಾರರು. ಒಂದು ಕೇಳ್ತೀನಿ, ಸಭೆಯಲ್ಲಿ ಒಬ್ರು ಹೌದು ಅಂದು ಇನ್ನೊಬ್ರು ಅಲ್ಲ ಅಂದ್ರೆ ಏನ್ ಮಾಡ್ತೀರಿ?' ಎಂದರು. ಇಬ್ಬರಿಗೂ ಒಪ್ಪಿಗೆಯಾಗುವ ಮಾತು ಹುಡುಕುತ್ತೇವೆ ಎಂದೆ. 'ಹುಡುಕಿದ ಮೇಲೆ ಅವ್ರು ನಿಜವಾಗ್ಲೂ ಒಪ್ಪಿದ್ರು ಅಂತ ಹೇಗೆ ಗೊತ್ತಾಗುತ್ತೆ?' ಎದುರಿಗೇ ಇರುತ್ತಾರಲ್ಲ, ಬಾಯಿಬಿಟ್ಟು ಹೇಳುತ್ತಾರೆ ಎಂದೆ. 'ಅಷ್ಟೇ ವ್ಯತ್ಯಾಸ. ವಿರ್ದಾಳ ಕಾಗದದಲ್ಲಿರೋರು ಎದುರಿಗಿಲ್ಲ. ಅವರನ್ನ ಕೇಳ್ದೇನೇ, ಒಪ್ಪಿದ್ರು ಅಂತ ನಾವು ಬರೆದ್ರೆ ಅದು ಮರ್ಯಾದೆ ಅಲ್ಲ, ಸುಳ್ಳು. ಜಗಳ ಆಡಿದ್ರೆ ಜಗಳ ಅಂತಲೇ ಬರೀಬೇಕು' ಎಂದರು. ಮದುವೆಮನೆಗಳಲ್ಲಿ ಅಷ್ಟು ಜನರ ಬಾಯಿ ಮುಚ್ಚಿಸಿದವನು ನಾನು.  ಆರಿದ ಚಹಾ ಕುಡಿದು ಎದ್ದು ಬಂದೆ.

ನಾನು ಹೋಗಿದ್ದು ವಿರ್ದಾಗೆ ಸಂಜೆಯೊಳಗೆ ತಿಳಿಯಿತು. 'ನಾನೇನು ಬಾಲವಾಡಿ ಮಗೂನಾ ಮಾಮ, ಮಾಸ್ತರ ಹತ್ರ ದೂರು ಹೇಳೋಕೆ?' ಎಂದು ಹಾರಾಡಿ, ಎರಡು ದಿನ ಅಂಗಡಿಗೆ ಕಾಲಿಡಲಿಲ್ಲ. ಮರ್ನಿಸ್ ಡಬ್ಬಿಯಲ್ಲಿ ಊಟ ಕಳಿಸಿದಳು. ಮೂರನೆಯ ದಿನ ತಾನೇ ಬಂದು, ಖಾಲಿ ಡಬ್ಬಿ ಇಟ್ಟು, ಏನೂ ಆಗದವಳ ಹಾಗೆ ಮೇಜು ಒರೆಸತೊಡಗಿದಳು. ಆಗ ನೋಡಬೇಕಿತ್ತು ಅವಳನ್ನು. ಓದಿದ್ದನ್ನೆಲ್ಲ ಮತ್ತೆ ಮೊದಲಿನಿಂದ ಓದಿದಳು. ಪಾಲು ಒಳ್ಳೆಯದು ಎಂದವರನ್ನು ಒಂದು ಸಾಲಿಗೆ, ಏನೂ ವ್ಯತ್ಯಾಸವಿಲ್ಲ ಎಂದವರನ್ನು ಎದುರು ಸಾಲಿಗೆ ಹಾಕಿದಳು. ಈ ಸಲ ರಾಜಿ ಮಾಡಿಸಲಿಲ್ಲ. ಯಾಕೆ ಇವರಿಗೆ ಹೀಗೆ ಕಂಡಿತು, ಅವರಿಗೆ ಹಾಗೆ ಕಂಡಿತು ಎಂದು ಬೆನ್ನು ಹತ್ತಿದಳು. ಒಂದು ಮಧ್ಯಾಹ್ನ ನಾನು ಒಲೆಯ ಮುಂದೆ ಇದ್ದಾಗ, 'ಮಾಮಾ!' ಎಂದು ಕಿರುಚಿದಳು. ಹಲ್ಲಿ ಬಿತ್ತೇನೋ ಎಂದು ಓಡಿಬಂದೆ. 'ಪಾಲು ಕೊಟ್ರೆ ಜನ ನಿಲ್ತಾರೆ ಅಂದವರೆಲ್ಲ ಯಾರನ್ನ ಕೇಳಿದ್ದಾರೆ ನೋಡಿ. ನಡೀತಿರೋ ಅಂಗಡಿಗಳಿಗೇ ಹೋಗಿದ್ದಾರೆ. ಅಲ್ಲಿರೋರು ನಿಂತವರೇ ಅಲ್ವಾ? ಎದ್ದುಹೋದವರು ಅಲ್ಲಿ ಎಲ್ಲಿಂದ ಸಿಗ್ಬೇಕು? ಮುಚ್ಚಿದ ಅಂಗಡಿಯವರನ್ನ ಒಬ್ರೂ ಕೇಳಿಲ್ಲ!'

ಆಗ ನನ್ನ ಕೈಯಲ್ಲಿ ಸೌಟಿತ್ತು. ಹಾಗೇ ಕುಕ್ಕರಿಸಿಬಿಟ್ಟೆ. ನನ್ನ ಅಂಗಡಿ ಮುಚ್ಚಿದಾಗ ಸಾಲದವರು ಬಂದರು, ಕನಿಕರದವರು ಬಂದರು, ನಾನು ಮೊದಲೇ ಹೇಳಿದ್ದೆ ಎನ್ನುವವರಂತೂ ಹಿಂಡುಹಿಂಡಾಗಿ ಬಂದರು. ಏನಾಯಿತು ಎಂದು ಕೇಳಲು ಮಾತ್ರ ಯಾರೂ ಬರಲಿಲ್ಲ. ದೊಡ್ಡ ದೊಡ್ಡ ಸಂಶೋಧಕರೂ ಬಂದಿರಲಿಲ್ಲ ಎಂದು ನಮ್ಮ ಹುಡುಗಿ ಕಂಡುಹಿಡಿದಳು ನೋಡು. ಅದನ್ನು ನಾನು ಅವಳಿಗೆ ಹೇಳಿಕೊಟ್ಟದ್ದಲ್ಲ. ಎಲ್ಲರೂ ಬರೆದದ್ದನ್ನು ಓದುತ್ತಾ ಓದುತ್ತಾ, ಯಾರೂ ಬರೆಯದೆ ಬಿಟ್ಟದ್ದು ಅವಳ ಕಣ್ಣಿಗೆ ಬಿತ್ತು. ನನ್ನ ಅಕ್ಕನ ಮಗಳ ಕಣ್ಣಿಗೆ.

ಆದರೆ ಕಷ್ಟ ಅಲ್ಲೇ ಇತ್ತು. ನಡೆಯುವ ಅಂಗಡಿಗಳನ್ನು ಮಾತ್ರ ಕೇಳಿದವರ ಸಾಲಿನಲ್ಲಿ ಎಲ್ಮಿಯಾತಿ ಮೇಡಂ ಹೆಸರೂ ಇತ್ತು! ಆಕೆ ಚಿಕ್ಕ ವಯಸ್ಸಿನಲ್ಲಿ ಬರೆದ ಲೇಖನವಂತೆ. ಈಗಲೂ ಎಲ್ಲರೂ ಅದನ್ನು ತೋರಿಸಿ ಮಾತಾಡುವರಂತೆ. ವಿರ್ದಾ ಹಾಳೆಯನ್ನು ಮಗುಚಿಟ್ಟಳು. ಅಂಕ ಹಾಕುವವರೇ ಆಕೆ. ಇದೇ ಕೊನೆಯ ಅವಕಾಶ. ಫೇಲಾದರೆ ಸೆರೆಂಬಾನು, ಪಾತ್ರೆ. 'ಏನ್ ಮಾಡ್ಲಿ ಮಾಮ?' ಎಂದಳು. ನಾನು ಕೊಟ್ಟ ಸಲಹೆ ಕೇಳು: ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಬೇರೆಯವರ ಹೆಸರೆಲ್ಲ ಬರೆ, ಆಕೆಯದನ್ನು ಮೆಲ್ಲಗೆ ಮರೆತುಬಿಡು. ಇಷ್ಟು ವರ್ಷದ ನನ್ನ ಅನುಭವವೆಲ್ಲ ಆ ಸಲಹೆಯಲ್ಲಿತ್ತು. ಅವಳು, 'ಅದು ಮುಟ್ಟದೇ ಬಿಟ್ಟ ಪ್ಲೇಟನ್ನ ಮೇಜಿನ ಕೆಳಗೆ ಬಚ್ಚಿಟ್ಟ ಹಾಗಾಗುತ್ತೆ' ಎಂದು ಹೇಳಿ, ಕಾಗದ ಕಟ್ಟಿಕೊಂಡು ಹೋದಳು. ಏನು ಬರೆದಳು ಎಂದು ನನಗೆ ತೋರಿಸಲೂ ಇಲ್ಲ.

ಹೋದ ಸೋಮವಾರ ಮಂಡನೆ. ಮನೆಯವರು ಬರಬಹುದಿತ್ತು, ಹಿಂದಿನ ಬೆಂಚಿನಲ್ಲಿ ನಾನೂ ಮರ್ನಿಸ್ಸೂ ಕೂತೆವು. ನೀನು ಕಳಿಸಿದ ನೀಲಿ ತಲೆವಸ್ತ್ರ ಹೊದ್ದಿದ್ದಳು ವಿರ್ದಾ.  ಎದುರಿಗೆ ಎಲ್ಮಿಯಾತಿ ಮೇಡಂ, ಪಕ್ಕದಲ್ಲಿ ಇನ್ನೊಬ್ಬ ಪರೀಕ್ಷಕರು, ಕನ್ನಡಕದ ಮೇಲಿಂದ ನೋಡುವ ಜಾತಿ. ಅವಳು ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಆ ಮನುಷ್ಯ ಕೇಳಿದರು, 'ನಡೆಯೋ ಅಂಗಡಿಗಳನ್ನ ಮಾತ್ರ ಕೇಳಿದ್ದು ದೋಷ ಅಂತೀರಿ. ಹಾಗಿದ್ರೆ ನಿಮ್ಮ ಗೈಡ್ ಬರೆದ ಲೇಖನ?'  ಮರ್ನಿಸ್ ನನ್ನ ತೋಳು ಚಿವುಟಿದಳು, ಇನ್ನೂ ಕಂದಿದೆ.

ಆಗ ನಿನ್ನ ಮಗಳು ಏನು ಮಾಡಿದಳು ಗೊತ್ತೇ? ನಮ್ಮ ಸಭೆಗಳಲ್ಲಿ ಹಿರಿಯರೆದುರು ಮಾತೆತ್ತುವ ಮುಂಚೆ ಮಾಡುವ ಹಾಗೆ ಹತ್ತೂ ಬೆರಳು ಜೋಡಿಸಿ, ಎಲ್ಮಿಯಾತಿ ಮೇಡಂ ಕಡೆ ತಿರುಗಿ ತಲೆಬಾಗಿ, 'ಅಪ್ಪಣೆ ಕೊಡಿ, ತಪ್ಪಿದ್ರೆ ಕ್ಷಮಿಸಿ' ಎಂದಳು. ಆಮೇಲೆ ತಲೆಯೆತ್ತಿ, ಕೂದಲೆಳೆಯಷ್ಟೂ ಬಾಗದೆ, 'ಮೇಡಂ ಲೇಖನಕ್ಕೂ ಅದೇ ದೋಷ ಇದೆ ಸಾರ್. ನನ್ನ ಪ್ರಬಂಧದಲ್ಲಿ ಹಾಗಂತ ಬರ್ದಿದ್ದೀನಿ' ಎಂದಳು. ಮರ್ಯಾದೆಯನ್ನೂ ಬಿಡಲಿಲ್ಲ, ಮಾತನ್ನೂ ಬಿಡಲಿಲ್ಲ. ಎರಡನ್ನೂ ಒಟ್ಟಿಗೆ ಹಿಡಿಯಬಹುದು ಎಂದು ಈ ವಯಸ್ಸಿನ ತನಕ ನನಗೆ ಹೊಳೆದಿರಲಿಲ್ಲ ಅಕ್ಕಾ. ಎಲ್ಮಿಯಾತಿ ಮೇಡಂ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಾ ಕೂತರು.  ಕೊನೆಗೆ ಆಕೆ, 'ಸರಿಯಾಗೇ ಹೇಳಿದಾಳೆ. ಆಗ ನಾನು ನಡೆಯೋ ಅಂಗಡಿಗಳಿಗೆ ಹೋದೆ, ಹೊಟ್ಟೆ ತುಂಬ ಊಟ ಮಾಡಿದೆ, ಬಂದು ಬರೆದೆ. ಮುಚ್ಚಿದ ಬಾಗಿಲು ತಟ್ಟಬೇಕು ಅಂತ ಹೊಳೀಲೇ ಇಲ್ಲ. ಇಷ್ಟು ವರ್ಷದಲ್ಲಿ ಇದನ್ನ ಯಾರೂ ನನ್ನ ಮುಖಕ್ಕೆ ಹೇಳಲೂ ಇಲ್ಲ' ಎಂದು ನಕ್ಕರು. ಕನ್ನಡಕದವರೂ ನಕ್ಕರು. ನಾನು ಚಪ್ಪಾಳೆ ಹೊಡೆದುಬಿಟ್ಟೆ. ಅಲ್ಲಿ ಚಪ್ಪಾಳೆ ಹೊಡೆಯುವ ಪದ್ಧತಿಯಿಲ್ಲವಂತೆ. ಇರಲಿ, ಇನ್ನು ಮುಂದೆ ಇರುತ್ತದೆ.

ಅತ್ಯುತ್ತಮ ದರ್ಜೆ ಕೊಟ್ಟರು. ಹೊರಗೆ ಬಂದ ಮೇಲೆ ಎಲ್ಮಿಯಾತಿ ಮೇಡಂ ನನ್ನ ಹತ್ತಿರ ಬಂದು, 'ಯಜಮಾನ್ರೇ, ಈ ಸಲ ನಿಮ್ಮ ಚಹಾ ಆರೋಕೆ ಬಿಡಲ್ಲ, ಚಿಕ್ಕದಾಗಿ ಹೇಳ್ತೀನಿ. ಈ ಹುಡುಗೀನ ನನಗೆ ಬಿಟ್ಟುಕೊಡಿ' ಎಂದರು. ಮುಚ್ಚಿದ ಅಂಗಡಿಗಳವರನ್ನು ಊರೂರಿಗೆ ಹೋಗಿ ಹುಡುಕಿ ಕೇಳುವುದೇ ಮುಂದಿನ ಕೆಲಸವಂತೆ. ಜಮಾರಿಸನಿಗೆ ಹೇಳಿದೆ, ಈ ಸಲ ಅವನು ಆಕಳಿಸಲಿಲ್ಲ. 'ನಿನ್ನ ಬಾಯಿ, ನಿಮ್ಮಕ್ಕನ ಎದೆಗಾರಿಕೆ, ಎರಡೂ ಸೇರಿ ಹುಟ್ಟಿದೆ ಕಣೋ ಇದು' ಎಂದ. ಜನ್ಮದಲ್ಲಿ ಅವನು ಆಡಿದ ಒಂದೇ ಒಂದು ನಿಜ.

ಆದ್ದರಿಂದ ಅಕ್ಕಾ, ಅವಳನ್ನು ಬಿಡು. ನಮ್ಮ ಮನೆಯ ಹಿರಿಯರನ್ನೆಲ್ಲ ಕೂರಿಸಿ ಮಾತಾಡಿದೆ, ಎಲ್ಲರೂ ಒಪ್ಪಿದ್ದಾರೆ. ಚಿಕ್ಕಮ್ಮನೂ ಒಪ್ಪಿದ್ದಾರೆ, ಮರ್ನಿಸ್ ಒಪ್ಪಿದ್ದಾಳೆ. ನೀನೂ ಮನಸ್ಸಿನಲ್ಲಿ ಒಪ್ಪಿಯೇ ಇರುತ್ತೀ ಎಂದು ನನಗೆ ಗೊತ್ತು. ನೀನು ಅಷ್ಟು ದೂರ ಹೋಗಿ ದುಡಿದದ್ದು ಇದಕ್ಕೇ ಅಲ್ಲವೇ? ಅವಳ ಅಪ್ಪ ಇದ್ದಿದ್ದರೆ ಅವರೂ ಹೌದು ಎನ್ನುತ್ತಿದ್ದರು. ಇನ್ನು ಯೋಚಿಸುವುದು ಏನೂ ಉಳಿದಿಲ್ಲ. ಒಂದು ಹೂಂ ಎಂದು ಫೋನು ಮಾಡು, ಸಾಕು.

ಕ್ಯಾಂಟೀನಿನಲ್ಲಿ ನಿನ್ನ ಜೊತೆ ಇರುವ ಹೆಂಗಸರಿಗೆಲ್ಲ ನಮ್ಮ ಸಲಾಂ ತಿಳಿಸು. ಮರ್ನಿಸ್ ನಿನ್ನ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಾಳೆ. ದೇವರು ನಿನ್ನ ಮಂಡಿಗೆ ಬಲ ಕೊಡಲಿ, ನಿನ್ನ ಕೈಯ ಅಡುಗೆಗೆ ಬರಕತ್ತು ಕೊಡಲಿ, ನಮ್ಮನ್ನೆಲ್ಲ ಮತ್ತೆ ಒಂದೇ ಚಾಪೆಯ ಮೇಲೆ ಊಟಕ್ಕೆ ಕೂರಿಸಲಿ.

ಇಂತಿ,
ನಿನ್ನ ಬಾಯಿಬಡುಕ ತಮ್ಮ
ಬಸ್ರಿಜಾಲ್

ತಾಜಾಕಲಂ: ಕಾಗದ ಮಡಿಸುತ್ತಿದ್ದೆ, ವಿರ್ದಾ ಬಂದು ಕಸಿದುಕೊಂಡು ಓದಿದಳು. ತನ್ನ ಹೊಗಳಿಕೆಗೆ ನಾಚಿಕೊಳ್ಳುತ್ತಾಳೆ ಎಂದು ನಾನು ಕಾದರೆ, ಕೊನೆಯ ಪುಟಕ್ಕೆ ಬಂದು ಅವಳಿಗೆ ಸಿಟ್ಟೇ ಬಂತು. 'ಎಲ್ರೂ ಒಪ್ಪಿದ್ದಾರೆ ಅಂತ ಬರೆದಿದ್ದೀರಲ್ಲ ಮಾಮ, ಅಮ್ಮನ್ನ ಕೇಳಿದ್ರಾ? ಇನ್ನೊಂದು ಕಡೆಯ ಮಾತು ಎಲ್ಲಿದೆ ಇದರಲ್ಲಿ? ಹೀಗೆ ಬರೆದು ಕಳಿಸಿದ್ರೆ ನಾನೇ ವಾಪಸ್ ಕಳಿಸ್ತೀನಿ' ಎಂದು ಎದುರಿಗೆ ಕೂತಿದ್ದಾಳೆ. ಜಮಾರಿಸನ ಮಗಳು ಪೆಟ್ಟಿಗೆ ತುಂಬಿಸಬೇಕೆಂದು ಪೊಟ್ಟಣಕ್ಕಾಗಿ ಬಾಗಿಲಲ್ಲಿ ನಿಂತಿದ್ದಾಳೆ. ಆದ್ದರಿಂದ ಅವಸರದಲ್ಲಿ ಬರೆಯುತ್ತೇನೆ, ಅಕ್ಷರ ಕೆಟ್ಟರೆ ಹೊಂದಿಸಿಕೋ.

ಇನ್ನೊಂದು ಕಡೆ ಇದು. ಅವಳು ಉಳಿದರೆ ಇನ್ನೂ ಎರಡು ವರ್ಷಕ್ಕೆ ಕಡಿಮೆಯಿಲ್ಲ. ಅದರಲ್ಲೂ ಅರ್ಧ ಊರೂರು ಸುತ್ತುವುದು. ಸಹಾಯಕಿಗೆ ಕೊಡುವ ದುಡ್ಡು ಅವಳೊಬ್ಬಳ ಊಟಕ್ಕೆ ಸರಿಹೋಗುತ್ತದೆ, ನೀನು ಕ್ಯಾಂಟೀನು ಬಿಟ್ಟು ಬರುವಷ್ಟು ಆಗುವುದಿಲ್ಲ. ನಿನ್ನ ಮಂಡಿಗೆ ಆಪರೇಷನ್ ಬೇಕು ಎಂದು ಡಾಕ್ಟರು ಹೇಳಿದ್ದು ನನಗೆ ಗೊತ್ತು, ಜಮಾರಿಸನ ಮಗಳು ಹೋದ ಸಲವೇ ಹೇಳಿದ್ದಳು. ಮಗಳು ಬಂದ ಮೇಲೆ ಮಾಡಿಸಿಕೊಳ್ಳುತ್ತೇನೆ ಎಂದು ನೀನು ದಿನ ತಳ್ಳುತ್ತಿದ್ದೀಯಂತೆ. ಅವಳಿಗೆಂದು ನಿನ್ನ ಕೋಣೆಯಲ್ಲಿ ಎರಡನೇ ಮಂಚ ಹಾಕಿಸಿದ್ದೀಯಂತೆ. ಇದನ್ನೆಲ್ಲ ನಾನು ಮೇಲೆ ಬರೆಯಲಿಲ್ಲ. ಬರೆದರೆ ನಿನ್ನ ಹೂಂ ತಡವಾಗುತ್ತದೆ ಎಂದು ಬಿಟ್ಟೆ. ವಿರ್ದಾಗೂ ಈಗಲೇ, ಅವಳು ಬೈದ ಮೇಲೆಯೇ ಹೇಳಿದ್ದು. ಅವಳು ಅಳುತ್ತಿದ್ದಾಳೆ, ಆದರೂ ಬರೆಯಿರಿ ಎನ್ನುತ್ತಿದ್ದಾಳೆ.

ಎರಡೂ ಕಡೆ ಬರೆದ ಮೇಲೆ ತನ್ನ ನಿಲುವನ್ನೂ ಹೇಳಲೇಬೇಕಂತೆ, ಅದು ಸಮೀಕ್ಷೆಯ ನಿಯಮವಂತೆ. ಅವಳು ಹೇಳಿದ ಹಾಗೇ ಬರೆಯುತ್ತೇನೆ: 'ನನಗೆ ಓದ್ಬೇಕು ಅಮ್ಮ. ತುಂಬಾ ಓದ್ಬೇಕು. ಆದ್ರೆ ನಿನ್ನ ಕಾಲಿನ ಮೇಲೆ ನಿಂತ್ಕೊಂಡು ಅಲ್ಲ. ಆಪರೇಷನ್ನಿಗೆ ನಾನು ಬಂದೇ ಬರ್ತೀನಿ, ಅದನ್ನ ಕೇಳ್ತಿಲ್ಲ, ಹೇಳ್ತಿದ್ದೀನಿ. ಆಮೇಲಿಂದು ನೀನು ಹೇಳು.'

ಇನ್ನೊಂದು ಮಾತು, ಇದು ನನ್ನದು. ನೀನು ಸೆರೆಂಬಾನಿಗೆ ಹೊರಟಾಗ, ಅಲ್ಲಿಂದ ಬಂದ ನಿನ್ನ ದುಡ್ಡನ್ನು ನನ್ನ ಅಂಗಡಿಗೆ ಹಾಕಿದಾಗ, ನನ್ನ ಅಂಗಡಿ ಮುಳುಗಿ ನೀನು ಅಲ್ಲೇ ಉಳಿಯಬೇಕಾಗಿ ಬಂದಾಗ, ಪ್ರತಿ ಸಲವೂ ಅಕ್ಕ ಒಪ್ಪಿದ್ದಾಳೆ ಎಂದು ನಾನೇ ಸಭೆಯಲ್ಲಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ನಿನ್ನನ್ನು ಯಾರೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ನಿಧಾನವಾಗಿ ಯೋಚಿಸಿ ಫೋನು ಮಾಡು, ನಾನು ನಡುವೆ ಬಾಯಿ ಹಾಕುವುದಿಲ್ಲ. ಅಕ್ಕಾ, ನಿನಗೇನು ಬೇಕು?